ಬಾಯಿ ಕ್ಯಾನ್ಸರ್ ಚಿಕಿತ್ಸೆ ಮತ್ತು ಬಾಯಿಯ ಒಳಪದರ: ಮೊದಲ ದಿನದಿಂದ ಹುಣ್ಣು ಮಾಯುವವರೆಗೆ ಏನು ಮಾಡಬೇಕು

ರೇಡಿಯೇಷನ್ ಶುರುವಾದ ಮೊದಲ ವಾರ ಹೆಚ್ಚಿನವರು "ಏನೂ ಆಗ್ತಾ ಇಲ್ವಲ್ಲ" ಅಂತ ನಿರಾಳವಾಗಿರುತ್ತಾರೆ. ಎರಡನೇ ವಾರದ ಕೊನೆಗೆ ಒಂದು ಬೆಳಿಗ್ಗೆ ಏಳುವಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತದೆ. ಒಂದು ಗುಟುಕು ನೀರು ಹಾಕಿದರೆ ಚುರ್ ಅನ್ನುತ್ತದೆ. ನಿನ್ನೆ ತಿಂದ ಅದೇ ಆಹಾರವನ್ನು ಇವತ್ತು ಬಾಯಿಗಿಡಲು ಆಗುವುದಿಲ್ಲ. ಆಗ ರೋಗಿಗೂ ಮನೆಯವರಿಗೂ ಬರುವ ಮೊದಲ ಭಯ ಒಂದೇ: ಕ್ಯಾನ್ಸರ್ ಜಾಸ್ತಿಯಾಯಿತಾ?

ಸಾಮಾನ್ಯವಾಗಿ ಹಾಗಲ್ಲ. ಇದು ಚಿಕಿತ್ಸೆಯ ಪೆಟ್ಟು. ಗೆಡ್ಡೆಯ ಸುತ್ತ ಇರುವ ಒಳ್ಳೆಯ ಜೀವಕೋಶಗಳಿಗೂ ಆ ಪೆಟ್ಟು ತಗಲುತ್ತದೆ. ವೈದ್ಯರು ಇದನ್ನು ಮ್ಯೂಕೋಸೈಟಿಸ್ ಅನ್ನುತ್ತಾರೆ. ಬಾಯಿ ಕ್ಯಾನ್ಸರ್‌ಗೆ ರೇಡಿಯೇಷನ್ ತೆಗೆದುಕೊಳ್ಳುವ ಹೆಚ್ಚುಕಡಿಮೆ ಎಲ್ಲರಿಗೂ ಒಂದಲ್ಲ ಒಂದು ಮಟ್ಟದಲ್ಲಿ ಇದು ಬರುತ್ತದೆ. ಬಾರದಂತೆ ಪೂರ್ತಿ ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಅದು ಎಷ್ಟು ಕಾಡುತ್ತದೆ, ಅದರಿಂದ ಚಿಕಿತ್ಸೆ ನಡುವೆ ನಿಲ್ಲುತ್ತದೋ ಇಲ್ಲವೋ ಅನ್ನುವುದು ಬಹಳ ಮಟ್ಟಿಗೆ ನಾವು ದಿನಾ ಮಾಡುವ ಸಣ್ಣ ಸಣ್ಣ ಕೆಲಸಗಳ ಮೇಲೆ ನಿಂತಿದೆ. ಆ ಕೆಲಸಗಳನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಹಂತ 1: ಒಳಗೆ ಏನಾಗುತ್ತಿದೆ ಅಂತ ತಿಳಿದುಕೊಳ್ಳಿ

ಕೆನ್ನೆಯ ಒಳಭಾಗವನ್ನು ನಾಲಿಗೆಯಿಂದ ಒಮ್ಮೆ ಸವರಿ ನೋಡಿ. ನುಣ್ಣಗೆ, ಒದ್ದೆಯಾಗಿ ಇದೆ ಅಲ್ವಾ? ಅಲ್ಲಿ ಜೀವಕೋಶಗಳು ಒಂದರ ಮೇಲೊಂದು ಸಾಲಾಗಿ ಕೂತಿವೆ. ತೀರಾ ಕೆಳಗಿನ ಸಾಲಿನಲ್ಲಿ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಅವು ಮೆಲ್ಲಗೆ ಮೇಲಕ್ಕೆ ಬರುತ್ತವೆ. ಮೇಲಿನ ಹಳೆಯವು ಊಟದ ಜೊತೆ, ಜೊಲ್ಲಿನ ಜೊತೆ ಉದುರಿ ಹೋಗುತ್ತವೆ. ಸುಮಾರು 7ರಿಂದ 14 ದಿನಕ್ಕೊಮ್ಮೆ ಇಡೀ ಪದರವೇ ಹೊಸದಾಗುತ್ತದೆ. ಬಿಸಿ ತಾಗಿ ಸುಟ್ಟ ನಾಲಿಗೆ ಕೆಲವೇ ದಿನದಲ್ಲಿ ಸರಿಹೋಗುವುದು ಇದರಿಂದಲೇ.

ತೊಂದರೆ ಇರುವುದೂ ಇಲ್ಲೇ. ಕೀಮೋ ಮತ್ತು ರೇಡಿಯೇಷನ್ ಎರಡೂ ಬೇಗ ಬೇಗ ಒಡೆದು ಎರಡಾಗುವ ಕೋಶಗಳಿಗೆ ಜಾಸ್ತಿ ಹೊಡೆಯುತ್ತವೆ. ಕ್ಯಾನ್ಸರ್ ಕೋಶ ಹಾಗೆ ಒಡೆಯುತ್ತದೆ. ಒಳಪದರದ ಕೆಳಸಾಲಿನ ಕೋಶವೂ ಹಾಗೇ ಒಡೆಯುತ್ತದೆ. ಕೆಳಗೆ ಹೊಸದು ಹುಟ್ಟುವುದು ನಿಂತರೂ ಮೇಲೆ ಹಳೆಯದು ಉದುರುವುದು ನಿಲ್ಲುವುದಿಲ್ಲ. ಪದರ ತೆಳ್ಳಗಾಗುತ್ತಾ ಹೋಗಿ ಒಂದು ದಿನ ಹರಿಯುತ್ತದೆ. ಮೊದಲ ವಾರ ಏನೂ ಅನ್ನಿಸದೇ ಇರುವುದಕ್ಕೆ ಕಾರಣ ಗೊತ್ತಾಯಿತಲ್ಲ: ಮೇಲಿನ ಹಳೆಯ ಸಾಲು ಇನ್ನೂ ಉಳಿದಿರುತ್ತದೆ.

ಹೊಸ ಕೋಶ ಹುಟ್ಟದಿರುವುದಷ್ಟೇ ಕಥೆಯಲ್ಲ. ಈ ವಿಷಯದ ಮೇಲೆ ತುಂಬಾ ಕೆಲಸ ಮಾಡಿದ ಅಮೆರಿಕದ ಸ್ಟೀಫನ್ ಸೋನಿಸ್ ಇದನ್ನು ಐದು ಹಂತಗಳಾಗಿ ವಿವರಿಸಿದ್ದಾರೆ. ಮೊದಲು ಕೋಶದ ಡಿಎನ್‌ಎಗೆ ಪೆಟ್ಟು ಬೀಳುತ್ತದೆ. ಆಮೇಲೆ ಪೆಟ್ಟು ತಿಂದ ಕೋಶಗಳು ಉರಿಯೂತದ ಸಂದೇಶ ಕಳಿಸುತ್ತವೆ. ಮೂರನೆಯದಾಗಿ ಆ ಸಂದೇಶ ಅಕ್ಕಪಕ್ಕದ ಕೋಶಗಳಿಂದ ಇನ್ನಷ್ಟು ಸಂದೇಶ ಎಬ್ಬಿಸಿ ತಾನೇ ಬೆಳೆಯುತ್ತದೆ. ನಾಲ್ಕನೆಯದು ಹುಣ್ಣು. ಬಾಯಿಯ ಬ್ಯಾಕ್ಟೀರಿಯಾ ಆ ಹುಣ್ಣಿನಲ್ಲಿ ಸೇರಿಕೊಂಡು ಉರಿಯನ್ನು ಹೆಚ್ಚಿಸುತ್ತವೆ. ಐದನೆಯದು ವಾಸಿಯಾಗುವುದು: ಹುಣ್ಣಿನ ಅಂಚಿನಲ್ಲಿ ಬದುಕಿರುವ ಕೋಶಗಳು ಒಳಕ್ಕೆ ಹರಡಿ ಗಾಯ ಮುಚ್ಚುತ್ತವೆ. ಬಾಯಿ ಸ್ವಚ್ಛ ಇಟ್ಟುಕೊಳ್ಳಿ ಅಂತ ಎಲ್ಲರೂ ಒತ್ತಿ ಹೇಳುವುದು ಈ ನಾಲ್ಕನೇ ಹಂತಕ್ಕಾಗಿ. ಅಲ್ಲಿ ನಮ್ಮ ಕೈಯಲ್ಲಿ ಮಾಡಲು ಜಾಸ್ತಿ ಇದೆ.

ಇನ್ನೊಂದು ಮಾತು. ಬಾಯಿ ಕ್ಯಾನ್ಸರ್‌ಗೆ ರೇಡಿಯೇಷನ್ ಅನ್ನು ಒಂದೇ ಸಲಕ್ಕೆ ಕೊಡುವುದಿಲ್ಲ. ಸಾಮಾನ್ಯವಾಗಿ ದಿನಕ್ಕೆ ಸುಮಾರು 2 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಡೋಸಿನ ಅಳತೆ), ವಾರಕ್ಕೆ 5 ದಿನ, ಆರೇಳು ವಾರ. ಒಟ್ಟು 60ರಿಂದ 70 ಗ್ರೇ. ಹೀಗೆ ಹಂಚಿ ಕೊಡುವುದು ಒಳ್ಳೆಯ ಕೋಶಗಳಿಗಾಗಿಯೇ. ಎರಡು ಡೋಸಿನ ನಡುವೆ ಅವು ತಮ್ಮ ಡಿಎನ್‌ಎಯನ್ನು ಕ್ಯಾನ್ಸರ್ ಕೋಶಗಳಿಗಿಂತ ಚೆನ್ನಾಗಿ ರಿಪೇರಿ ಮಾಡಿಕೊಳ್ಳುತ್ತವೆ. ಬೇಗ ಹುಟ್ಟುವ ಗುಣದಿಂದ ಪೆಟ್ಟು ತಿಂದ ಪದರ, ಅದೇ ಗುಣದಿಂದ ಮತ್ತೆ ಚಿಗುರುತ್ತದೆ. ಅದು ಚಿಗುರುವವರೆಗೆ ಕಾಯುವ ಕೆಲಸ ನಮ್ಮದು.

ಯಾವಾಗ ಏನು ಬರುತ್ತದೆ?

ರೇಡಿಯೇಷನ್ ಮಾತ್ರ ಆದರೆ ಎರಡನೇ ವಾರದ ಹೊತ್ತಿಗೆ ಬಾಯಿ ಕೆಂಪಾಗುತ್ತದೆ. ಮೂರನೇ ವಾರದ ಸುಮಾರಿಗೆ ಹುಣ್ಣು ಕಾಣಿಸುತ್ತದೆ. ಕೊನೆಯ ಎರಡು ವಾರ ಮತ್ತು ಮುಗಿದ ನಂತರದ ಒಂದೆರಡು ವಾರ ಎಲ್ಲಕ್ಕಿಂತ ಕಷ್ಟದ ದಿನಗಳು. ಕೊನೆಯ ಡೋಸು ಆದ ಮರುದಿನವೇ ನೋವು ಇಳಿಯುತ್ತದೆ ಅಂತ ಕಾದು ಕೂರಬೇಡಿ. ಇಳಿಯುವುದಿಲ್ಲ. ಇದು ಮೊದಲೇ ಗೊತ್ತಿದ್ದರೆ ಆ ದಿನಗಳಲ್ಲಿ ಎದೆ ಒಡೆಯುವುದಿಲ್ಲ.

ಕೀಮೋ ಮಾತ್ರ ಆದರೆ ಲೆಕ್ಕ ಬೇರೆ. ಔಷಧಿ ಕೊಟ್ಟ 5ರಿಂದ 10 ದಿನದೊಳಗೆ ಹುಣ್ಣು ಏಳುತ್ತದೆ, ಎರಡು ಮೂರು ವಾರದಲ್ಲಿ ಮಾಯುತ್ತದೆ. ಕೆನ್ನೆಯ ಒಳಗೆ, ತುಟಿಯ ಒಳಗೆ, ನಾಲಿಗೆಯ ಪಕ್ಕದಲ್ಲಿ ಮತ್ತು ಅಡಿಯಲ್ಲಿ ಜಾಸ್ತಿ ಬರುತ್ತದೆ. ವಸಡು, ಅಂಗುಳದ ಗಟ್ಟಿ ಭಾಗ ಇವುಗಳ ಮೇಲಿನ ಪದರ ಗಡಸಾಗಿರುವುದರಿಂದ ಅಲ್ಲಿ ಕಡಿಮೆ. ಬಾಯಿ ಕ್ಯಾನ್ಸರ್‌ನಲ್ಲಿ ಎಷ್ಟೋ ಸಲ ರೇಡಿಯೇಷನ್ ಜೊತೆಗೆ ಸಿಸ್ಪ್ಲಾಟಿನ್ ಅನ್ನುವ ಕೀಮೋ ಔಷಧಿ ಕೊಡುತ್ತಾರೆ. ಆಗ ಎರಡೂ ಪೆಟ್ಟು ಸೇರಿ ಹುಣ್ಣು ಜಾಸ್ತಿಯಾಗುತ್ತದೆ. ಸೆಟುಕ್ಸಿಮ್ಯಾಬ್ ಅನ್ನುವ ಇನ್ನೊಂದು ಕ್ಯಾನ್ಸರ್ ಔಷಧಿ ಸೇರಿಸಿದರೂ ಹಾಗೇ.

ಹಂತ 2: ಚಿಕಿತ್ಸೆ ಶುರುವಾಗುವ ಮುಂಚೆ ಹಲ್ಲಿನ ಡಾಕ್ಟರ ಬಳಿ ಹೋಗಿ

ಇದನ್ನು ಬಿಟ್ಟರೆ ಮುಂದೆ ವರ್ಷಗಟ್ಟಲೆ ಕಷ್ಟ. ಕ್ಯಾನ್ಸರ್ ಗೊತ್ತಾದ ಗಾಬರಿಯಲ್ಲಿ ಹಲ್ಲಿನ ವಿಷಯ ಯಾರಿಗೂ ನೆನಪಾಗುವುದಿಲ್ಲ. ಅದಕ್ಕೇ ಇಷ್ಟು ಜೋರಾಗಿ ಹೇಳುತ್ತಿದ್ದೇನೆ. ದವಡೆಗೆ ರೇಡಿಯೇಷನ್ ಬಿದ್ದ ಮೇಲೆ ಅಲ್ಲಿನ ಮೂಳೆಗೆ ರಕ್ತದ ಓಡಾಟ ಕಡಿಮೆಯಾಗುತ್ತದೆ. ಆಮೇಲೆ ಹಲ್ಲು ಕೀಳಿಸಿದರೆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಆದ್ದರಿಂದ ಉಳಿಯದ ಹಲ್ಲುಗಳನ್ನು ಮೊದಲೇ ಕೀಳುತ್ತಾರೆ. ಆ ಗಾಯ ಮಾಯಲು ಕನಿಷ್ಠ ಎರಡು ವಾರವಾದರೂ ಬೇಕು. ಹುಳುಕು ತುಂಬಿಸಿ, ಹಲ್ಲು ಕ್ಲೀನ್ ಮಾಡಿಸಿ. ಕೆನ್ನೆಗೆ ಚುಚ್ಚುವ ಮೊನಚಾದ ಹಲ್ಲನ್ನು ಉಜ್ಜಿ ನುಣುಪು ಮಾಡಿಸಿ. ತೆಳ್ಳಗಾದ ಪದರಕ್ಕೆ ಒಂದು ಮೊನಚು ಹಲ್ಲು ಸಾಕು.

ಲೋಹದ ಕ್ಯಾಪ್ ಅಥವಾ ಫಿಲ್ಲಿಂಗ್ ಇದ್ದರೆ ರೇಡಿಯೇಷನ್ ಡಾಕ್ಟರಿಗೆ ತಿಳಿಸಿ. ಕಿರಣ ಲೋಹಕ್ಕೆ ಬಡಿದು ಚದುರಿದಾಗ ಅದಕ್ಕೆ ತಾಗಿಕೊಂಡಿರುವ ಕೆನ್ನೆ, ನಾಲಿಗೆಗೆ ಡೋಸು ಜಾಸ್ತಿ ಬೀಳುತ್ತದೆ. ನಡುವೆ ತೆಳುವಾದ ಒಂದು ಗಾರ್ಡ್ ಇಟ್ಟು ಇದನ್ನು ತಪ್ಪಿಸಬಹುದು.

ತಂಬಾಕನ್ನು ಇವತ್ತೇ ನಿಲ್ಲಿಸಿ, ಅದು ಯಾವ ರೂಪದಲ್ಲಿದ್ದರೂ ಸರಿ. ಮದ್ಯವನ್ನೂ ಬಿಡಿ. ರೇಡಿಯೇಷನ್ ನಡೆಯುವಾಗ ಸಿಗರೇಟ್ ಸೇದಿದರೆ ಹುಣ್ಣು ಜಾಸ್ತಿಯಾಗುವುದಷ್ಟೇ ಅಲ್ಲ, ಚಿಕಿತ್ಸೆಯ ಫಲವೂ ಕಡಿಮೆಯಾಗುತ್ತದೆ. ಬಿಡಲು ಆಗದಿದ್ದರೆ ನಾಚಿಕೆ ಬೇಡ, ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ. ಅದಕ್ಕೂ ಔಷಧಿ ಇದೆ.

ಹಂತ 3: ದಿನಾ ಒಂದು ಸಲ ಬಾಯಿ ನೋಡಿ

ಬೆಳಿಗ್ಗೆ ಮುಕ್ಕಳಿಸಿದ ಮೇಲೆ ಕನ್ನಡಿಯ ಮುಂದೆ ನಿಲ್ಲಿ. ಮೊಬೈಲ್ ಟಾರ್ಚ್ ಸಾಕು. ಚಮಚದ ಹಿಂಭಾಗದಿಂದ ಒಂದು ಕೆನ್ನೆಯನ್ನು ಮೆಲ್ಲಗೆ ಹೊರಕ್ಕೆ ಸರಿಸಿ ನೋಡಿ, ಆಮೇಲೆ ಇನ್ನೊಂದು. ತುಟಿ ಮಡಚಿ ಒಳಗೆ ನೋಡಿ. ನಾಲಿಗೆ ಎತ್ತಿ ಅಡಿಯಲ್ಲಿ, ಆಚೆ ಈಚೆ ತಿರುಗಿಸಿ ಪಕ್ಕದಲ್ಲಿ ನೋಡಿ. ಒಂದು ನಿಮಿಷದ ಕೆಲಸ. ದಿನಾ ಒಂದು ಫೋಟೋ ತೆಗೆದಿಟ್ಟರೆ ಡಾಕ್ಟರಿಗೆ ತೋರಿಸಲು ಸುಲಭ.

ಮೊದಲು ಬಿಳಿಚಿದ ಹಾಗೆ ಕಾಣಬಹುದು, ಆಮೇಲೆ ಕೆಂಪು. ಹುಣ್ಣಾದ ಮೇಲೆ ಅದರ ಮೇಲೆ ಹಳದಿ ಮಿಶ್ರಿತ ಬಿಳಿ ಪೊರೆ ಕೂರುತ್ತದೆ. ಕೀವು ಅಂದುಕೊಂಡು ಅದನ್ನು ಕೆರೆಯಬೇಡಿ. ಗಾಯ ತಾನೇ ಹೊದ್ದುಕೊಂಡ ಹೊದಿಕೆ ಅದು. ಮೊಸರಿನ ಗರಣೆಯಂತೆ ಅಲ್ಲಲ್ಲಿ ಅಂಟಿಕೊಂಡು, ಒರೆಸಿದರೆ ಎದ್ದು ಬಂದು, ಕೆಳಗೆ ಕೆಂಪಗೆ ಕಂಡರೆ ಅದು ಫಂಗಸ್ ಇರಬಹುದು. ನೋವು ಇದ್ದಕ್ಕಿದ್ದಂತೆ ಜಾಸ್ತಿಯಾದಾಗಲೂ ಫಂಗಸ್ ಬಗ್ಗೆ ಯೋಚಿಸಬೇಕು. ಅದಕ್ಕೆ ನಿಸ್ಟಾಟಿನ್ ಅಥವಾ ಫ್ಲುಕೋನಜೋಲ್‌ನಂಥ ಔಷಧಿ ಇದೆ, ಬೇಗ ಹಿಡಿತಕ್ಕೆ ಬರುತ್ತದೆ. ಆದರೆ ನೋಡಿ ಗುರುತಿಸಬೇಕಾದವರು ಡಾಕ್ಟರು.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ತುಂಬಾ ಸರಳ, ಮನೆಯಲ್ಲೇ ಬಳಸಬಹುದು. ಏನೂ ಇಲ್ಲದಿದ್ದರೆ 0. ಉರಿ, ಕೆಂಪು ಇದ್ದರೆ 1. ಹುಣ್ಣಿದೆ, ಆದರೂ ಗಟ್ಟಿ ಆಹಾರ ತಿನ್ನಲು ಆಗುತ್ತದೆ ಅಂದರೆ 2. ದ್ರವ ಮಾತ್ರ ಇಳಿಯುತ್ತದೆ ಅಂದರೆ 3. ಬಾಯಿಂದ ಏನೂ ತೆಗೆದುಕೊಳ್ಳಲು ಆಗದಿದ್ದರೆ 4. ಫೋಟೋ ಪಕ್ಕದಲ್ಲಿ ಈ ಅಂಕಿ ಬರೆದಿಡಿ. "ತುಂಬಾ ನೋವು" ಅನ್ನುವುದಕ್ಕಿಂತ "ಸೋಮವಾರ 2 ಇತ್ತು, ಇವತ್ತು 3" ಅಂದರೆ ಡಾಕ್ಟರು ಅಲ್ಲೇ ಔಷಧಿ ಬದಲಿಸುತ್ತಾರೆ.

ಹಂತ 4: ಮುಕ್ಕಳಿಸುವುದು ಮತ್ತು ಹಲ್ಲುಜ್ಜುವುದು

ಕುದಿಸಿ ಆರಿಸಿದ 1 ಲೀಟರ್ ನೀರಿಗೆ 1 ಟೀ ಚಮಚ ಉಪ್ಪು, 1 ಟೀ ಚಮಚ ಅಡುಗೆ ಸೋಡಾ ಹಾಕಿ ಕಲಸಿ. ಬೇಕಿಂಗ್ ಪೌಡರ್ ಬೇಡ, ಅದು ಬೇರೆ ವಸ್ತು. ನೀರು ಉಗುರು ಬೆಚ್ಚಗಿರಲಿ ಅಥವಾ ತಣ್ಣಗಿರಲಿ, ಯಾವುದು ಹಿತವೋ ಅದು. ಎರಡು ಮೂರು ಗಂಟೆಗೊಮ್ಮೆ, ಪ್ರತಿ ಊಟದ ಮುಂಚೆ ಮತ್ತು ನಂತರ, ಮಲಗುವ ಮುಂಚೆ ಮುಕ್ಕಳಿಸಿ. ಬಾಯಲ್ಲಿ ಅರ್ಧ ನಿಮಿಷ ಮೆಲ್ಲಗೆ ಆಡಿಸಿ ಉಗಿಯಿರಿ, ನುಂಗಬೇಡಿ. ರಾತ್ರಿ ಎಚ್ಚರವಾದಾಗಲೂ ಒಂದು ಸಲ ಮಾಡಿ. ಉಳಿದದ್ದನ್ನು ಚೆಲ್ಲಿ, ಮರುದಿನ ಹೊಸದಾಗಿ ಮಾಡಿಕೊಳ್ಳಿ.

ಈ ನೀರಿಗೆ ಹುಣ್ಣು ವಾಸಿ ಮಾಡುವ ಶಕ್ತಿ ಇಲ್ಲ. ಅದರ ಕೆಲಸ ಬೇರೆ: ಅಂಟು ಜೊಲ್ಲು ಸಡಿಲವಾಗುತ್ತದೆ, ಆಹಾರದ ಚೂರು ಹೋಗುತ್ತದೆ, ಹುಳಿ ಕಡಿಮೆಯಾಗುತ್ತದೆ. ಗಾಯದ ಅಂಚಿನ ಕೋಶಗಳು ಹರಡಲು ಜಾಗ ಸ್ವಚ್ಛವಾಗಿರುತ್ತದೆ. ನನ್ನನ್ನು ಕೇಳಿದರೆ, ದಿನಾ ತಪ್ಪದೆ ಮುಕ್ಕಳಿಸುವವರಿಗೂ ಆಗಾಗ ಮರೆಯುವವರಿಗೂ ಐದನೇ ವಾರದಲ್ಲಿ ವ್ಯತ್ಯಾಸ ಗೊತ್ತಾಗಿಯೇ ಆಗುತ್ತದೆ.

ಅಂಗಡಿಯಲ್ಲಿ ಸಿಗುವ, ಆಲ್ಕೋಹಾಲ್ ಇರುವ ಮೌತ್‌ವಾಷ್ ಮುಟ್ಟಬೇಡಿ. ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕ ಮೌತ್‌ವಾಷ್ ಕೂಡ ಈ ಹುಣ್ಣನ್ನು ತಡೆಯುವುದಿಲ್ಲ. ಬೇರೆ ಕಾರಣಕ್ಕೆ ಡಾಕ್ಟರು ಬರೆದುಕೊಟ್ಟರೆ ಮಾತ್ರ ಬಳಸಿ. ಬೆಂಜಿಡಮೈನ್ ಮೌತ್‌ವಾಷ್‌ಗೆ ಮಾತ್ರ ಒಳ್ಳೆಯ ಆಧಾರ ಇದೆ. ರೇಡಿಯೇಷನ್ ಶುರುವಾದ ದಿನದಿಂದಲೇ ಅದನ್ನು ಬಳಸಬಹುದಾ ಅಂತ ಕೇಳಿ. ಉರಿ ಜಾಸ್ತಿ ಅನ್ನಿಸಿದರೆ ಅಷ್ಟೇ ನೀರು ಬೆರೆಸಿಕೊಳ್ಳಬಹುದು.

ಹಲ್ಲುಜ್ಜುವುದನ್ನು ನಿಲ್ಲಿಸಬೇಡಿ. ತೀರಾ ಮೆತ್ತನೆಯ ಬ್ರಷ್ ತಗೊಂಡು, ಬೆಚ್ಚಗಿನ ನೀರಿನಲ್ಲಿ ಎರಡು ನಿಮಿಷ ನೆನೆಸಿ ಇನ್ನಷ್ಟು ಮೆತ್ತಗೆ ಮಾಡಿ ಉಜ್ಜಿ. ಪುದೀನ ಖಾರದ, ನೊರೆ ಜಾಸ್ತಿ ಬರುವ ಪೇಸ್ಟ್ ಬದಲು ಮಕ್ಕಳ ಸಪ್ಪೆ ಫ್ಲೋರೈಡ್ ಪೇಸ್ಟ್ ಬಳಸಿ. ಹಲ್ಲಿನ ಸೆಟ್ಟು ಇದ್ದರೆ ಊಟಕ್ಕೆ ಮಾತ್ರ ಹಾಕಿ. ಹುಣ್ಣಾದ ಮೇಲೆ ಅದೂ ಬೇಡ.

ಹಂತ 5: ಹುಣ್ಣನ್ನು ತಗ್ಗಿಸುವ ಬೇರೆ ದಾರಿಗಳನ್ನು ಕೇಳಿ

ಕೆಲವನ್ನು ಕೇಳಿದರೆ ಮಾತ್ರ ಹೇಳುತ್ತಾರೆ. ಕೆಂಪು ಬೆಳಕಿನ ಲೇಸರ್ ಚಿಕಿತ್ಸೆ ಅಂತ ಒಂದಿದೆ. ಸುಡದಂಥ, ಕಡಿಮೆ ಶಕ್ತಿಯ ಬೆಳಕನ್ನು ಒಳಪದರದ ಮೇಲೆ ಜಾಗ ಜಾಗಕ್ಕೆ ಬೀಳಿಸುತ್ತಾರೆ. ನೋವಾಗುವುದಿಲ್ಲ. ಹುಣ್ಣು ಬರುವ ಮುಂಚಿನಿಂದ ಮಾಡಿಸಿದರೆ ಅದರ ತೀವ್ರತೆ ಕಡಿಮೆಯಾಗುತ್ತದೆ ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿಗಳೇ ಹೇಳುತ್ತವೆ. ನಿಮ್ಮ ಆಸ್ಪತ್ರೆಯಲ್ಲಿ ಇದೆಯಾ ಅಂತ ಮೊದಲ ಭೇಟಿಯಲ್ಲೇ ಕೇಳಿ.

ಕೀಮೋದಲ್ಲಿ 5-ಫ್ಲೂರೋಯುರಾಸಿಲ್ ಅನ್ನು ಒಂದೇ ಸಲಕ್ಕೆ ರಕ್ತನಾಳಕ್ಕೆ ಹಾಕುವುದಿದ್ದರೆ, ಅರ್ಧ ಗಂಟೆ ಬಾಯಲ್ಲಿ ಐಸ್ ಚೂರು ಇಟ್ಟುಕೊಳ್ಳುವುದರಿಂದ ಲಾಭ ಇದೆ. ತಂಪಿಗೆ ರಕ್ತನಾಳ ಕುಗ್ಗಿ ಒಳಪದರಕ್ಕೆ ಔಷಧಿ ಕಡಿಮೆ ತಲುಪುತ್ತದೆ. ರೇಡಿಯೇಷನ್‌ಗೆ ಇದೇ ಉಪಾಯ ನಡೆಯುವುದಿಲ್ಲ, ಕಿರಣಕ್ಕೆ ರಕ್ತನಾಳದ ಹಂಗಿಲ್ಲ.

ವಿಟಮಿನ್ ಮಾತ್ರೆ, ಪುಡಿ, ಕಷಾಯ ಅಂತ ನಾಲ್ಕು ಜನ ನಾಲ್ಕು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಡಾಕ್ಟರನ್ನು ಕೇಳದೆ ಯಾವುದೂ ಬೇಡ. ರೇಡಿಯೇಷನ್ ಜೊತೆ ದೊಡ್ಡ ಪ್ರಮಾಣದ ವಿಟಮಿನ್ ಇ ಮಾತ್ರೆಯಿಂದ ಒಳಿತಿಗಿಂತ ಕೆಡುಕೇ ಕಂಡುಬಂದಿದೆ.

ಹಂತ 6: ನೋವು ತಡೆದುಕೊಂಡು ಕೂರಬೇಡಿ

"ಇಷ್ಟು ನೋವು ಇರೋದೇ, ತಡ್ಕೋಬೇಕು" ಅಂತ ಎಷ್ಟೋ ಜನ ಸುಮ್ಮನಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೋವಿದ್ದರೆ ನುಂಗಲು ಆಗುವುದಿಲ್ಲ. ನುಂಗದಿದ್ದರೆ ತೂಕ ಇಳಿಯುತ್ತದೆ. ತೂಕ ಇಳಿದರೆ ಚಿಕಿತ್ಸೆ ನಿಲ್ಲಿಸಬೇಕಾಗಬಹುದು. ನಡುವೆ ದಿನಗಳು ತಪ್ಪಿದರೆ ಉಳಿದ ಕ್ಯಾನ್ಸರ್ ಕೋಶಗಳು ಆ ಬಿಡುವಿನಲ್ಲಿ ಬೇಗ ಬೇಗ ಬೆಳೆಯುತ್ತವೆ. ಆದ್ದರಿಂದ ನೋವಿನ ಔಷಧಿ ಚಿಕಿತ್ಸೆಯದೇ ಒಂದು ಭಾಗ.

ಶುರುವಿನಲ್ಲಿ ಮರಗಟ್ಟಿಸುವ ಲಿಗ್ನೊಕೇನ್ ಜೆಲ್ ಅಥವಾ ದ್ರಾವಣ ಕೊಡುತ್ತಾರೆ. ಅದನ್ನು ಊಟಕ್ಕೆ ಎಷ್ಟು ಹೊತ್ತು ಮುಂಚೆ, ಎಷ್ಟು ಹಾಕಬೇಕು ಅಂತ ಕೇಳಿ ತಿಳಿದುಕೊಳ್ಳಿ. ಬಾಯಿ ಜೋಮು ಹಿಡಿದಾಗ ಕೆನ್ನೆ ಕಚ್ಚಿಕೊಂಡರೂ, ಬಿಸಿ ತಾಗಿದರೂ ಗೊತ್ತಾಗುವುದಿಲ್ಲ. ಗಂಟಲೂ ಜೋಮು ಹಿಡಿದಿದ್ದರೆ ಅದು ಬಿಡುವವರೆಗೆ ತಿನ್ನಬೇಡಿ, ಆಹಾರ ಶ್ವಾಸನಾಳಕ್ಕೆ ಹೋಗಬಹುದು. ಹುಣ್ಣು ಜಾಸ್ತಿಯಾದಂತೆ ಮಾರ್ಫಿನ್ ಕೊಡುತ್ತಾರೆ. ಮುಕ್ಕಳಿಸುವ ರೂಪದಲ್ಲೂ ಇದೆ, ಕುಡಿಯುವ ರೂಪದಲ್ಲೂ ಇದೆ. ಮಾರ್ಫಿನ್ ಹೆಸರು ಕೇಳಿ ಹೆದರಬೇಡಿ. ನೋವಿಗೆ ತಕ್ಕಂತೆ ಡಾಕ್ಟರು ಹೇಳಿದ ಅಳತೆಯಲ್ಲಿ ತೆಗೆದುಕೊಂಡರೆ ಚಟವಾಗುವ ಭಯ ಬಹಳ ಕಡಿಮೆ. ಹುಣ್ಣು ಮಾಯುತ್ತಾ ಬಂದಂತೆ ಮೆಲ್ಲಗೆ ಇಳಿಸಿ ನಿಲ್ಲಿಸುತ್ತಾರೆ. ಮಲಬದ್ಧತೆ ಆಗೇ ಆಗುತ್ತದೆ, ಅದಕ್ಕೂ ಜೊತೆಯಲ್ಲೇ ಔಷಧಿ ಕೇಳಿ. ನೋವಿನ ಮಾತ್ರೆಯನ್ನು ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ತೆಗೆದುಕೊಂಡರೆ ಊಟದ ಹೊತ್ತಿಗೆ ಅದು ಕೆಲಸ ಮಾಡುತ್ತಿರುತ್ತದೆ.

ಹಂತ 7: ಊಟ ಮತ್ತು ತೂಕ

ಹೊಸ ಕೋಶ ಕಟ್ಟಲು ದೇಹಕ್ಕೆ ಪ್ರೋಟೀನ್ ಬೇಕು. ಸಪ್ಪೆ, ಮೆತ್ತಗೆ, ತಣ್ಣಗೆ: ಈ ಮೂರು ಮಾತು ನೆನಪಿಡಿ. ಖಾರ, ಹುಳಿ, ಗರಿಗರಿ, ಬಿಸಿ ಬೇಡ. ಮೊಟ್ಟೆ, ಹಾಲು, ಮೊಸರು, ಬೇಯಿಸಿ ಅರೆದ ಬೇಳೆ ಇಂಥವನ್ನು ನುಣ್ಣಗೆ ಮಾಡಿ, ಮೇಲೆ ಸ್ವಲ್ಪ ತುಪ್ಪವೋ ಎಣ್ಣೆಯೋ ಬೆರೆಸಿ. ತಿನ್ನುವುದು ನಾಲ್ಕೇ ಚಮಚ ಆದಾಗ ಆ ನಾಲ್ಕು ಚಮಚದಲ್ಲೇ ಶಕ್ತಿ ತುಂಬಿರಬೇಕು. ಮೂರು ಹೊತ್ತಿನ ಊಟ ಮರೆತುಬಿಡಿ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ.

ರುಚಿ ಕೆಡುತ್ತದೆ. ನಾಲಿಗೆಯ ರುಚಿ ಕೋಶಗಳೂ ಬೇಗ ಹುಟ್ಟಿ ಬೇಗ ಸಾಯುವಂಥವು, ಅವಕ್ಕೂ ಪೆಟ್ಟು ಬಿದ್ದಿರುತ್ತದೆ. ಪ್ರೀತಿಯಿಂದ ಮಾಡಿಕೊಟ್ಟದ್ದನ್ನು "ಮಣ್ಣು ತಿಂದಂಗಿದೆ" ಅಂತ ತಟ್ಟೆ ಸರಿಸಿದರೆ ಮನೆಯವರು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸುತ್ತಿರುತ್ತದೆ.

ವಾರಕ್ಕೊಮ್ಮೆ ಒಂದೇ ತೂಕದ ಯಂತ್ರದಲ್ಲಿ, ಒಂದೇ ಹೊತ್ತಿನಲ್ಲಿ ತೂಕ ನೋಡಿ ಬರೆದಿಡಿ. ಇಳಿಯುತ್ತಲೇ ಇದ್ದರೆ ಮೂಗಿನ ಮೂಲಕ ಅಥವಾ ಹೊಟ್ಟೆಗೆ ನೇರವಾಗಿ ಆಹಾರದ ನಳಿಕೆ ಹಾಕುತ್ತಾರೆ. ಅದು ಸೋಲಲ್ಲ, ಕೆಲವು ವಾರದ ಆಸರೆ. ನಳಿಕೆ ಇದ್ದರೂ ಡಾಕ್ಟರು ಬೇಡ ಅನ್ನದಿದ್ದರೆ ದಿನಾ ಬಾಯಿಂದಲೂ ಗುಟುಕು ನುಂಗುತ್ತಿರಿ. ನುಂಗುವ ಸ್ನಾಯುಗಳು ಕೆಲಸವಿಲ್ಲದೆ ಕೂತರೆ ಬಿಗಿಯುತ್ತವೆ.

ಬಾಯಿ ತೆರೆಯುವ ವ್ಯಾಯಾಮವೂ ಇದೇ ಕಾರಣಕ್ಕೆ. ಮೊದಲ ದಿನದಿಂದ ದಿನಕ್ಕೆ ಹಲವು ಸಲ, ನೋವು ತಡೆಯುವಷ್ಟು ಬಾಯಿ ತೆರೆದು ಕೆಲವು ಸೆಕೆಂಡು ಹಿಡಿಯಿರಿ. ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ದವಡೆ ಬಿಗಿದಿದೆ ಅಂತ ಲೆಕ್ಕ. ಮೂರು ಬೆರಳು ಉದ್ದುದ್ದಕ್ಕೆ ಹಿಡಿಸುತ್ತಾ ಅಂತ ನೋಡಿಕೊಂಡರೆ ಅಂದಾಜು ಸಿಗುತ್ತದೆ.

ಹಂತ 8: ಜೊಲ್ಲು ಗಟ್ಟಿಯಾದಾಗ

ಜೊಲ್ಲಿನ ಗ್ರಂಥಿಗಳೂ ರೇಡಿಯೇಷನ್ ದಾರಿಯಲ್ಲೇ ಇರುತ್ತವೆ. ನೀರಿನಂಥ ಜೊಲ್ಲು ಕಡಿಮೆಯಾಗಿ, ಎಳೆದರೆ ದಾರದಂತೆ ಬರುವ ಅಂಟು ಮಾತ್ರ ಉಳಿಯುತ್ತದೆ. ಒದ್ದೆಯಿಲ್ಲದ ಪದರ ಸಣ್ಣ ಉಜ್ಜಾಟಕ್ಕೂ ಹರಿಯುತ್ತದೆ. ನೀರಿನ ಬಾಟಲಿ ಸದಾ ಕೈಯಲ್ಲಿರಲಿ, ಗುಟುಕು ಗುಟುಕಾಗಿ ಕುಡಿಯಿರಿ. ಹಂತ 4ರಲ್ಲಿ ಹೇಳಿದ ಉಪ್ಪು, ಅಡುಗೆ ಸೋಡಾದ ನೀರಿನಿಂದ ಮುಕ್ಕಳಿಸಿದರೆ ಅಂಟು ಸಡಿಲವಾಗುತ್ತದೆ. ಮಲಗುವಾಗ ತಲೆ ಎತ್ತರಕ್ಕಿರಲಿ. ತುಟಿಗೆ ವಾಸನೆಯಿಲ್ಲದ ಮುಲಾಮು ಹಚ್ಚಿ, ಆದರೆ ರೇಡಿಯೇಷನ್‌ಗೆ ಹೋಗುವ ಮುಂಚೆ ಮೆತ್ತಿಕೊಳ್ಳಬೇಡಿ.

ಹಂತ 9: ಯಾವಾಗ ಕಾಯದೆ ಹೊರಡಬೇಕು

ಕೀಮೋ ನಡೆಯುತ್ತಿರುವವರಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ, ನಡುರಾತ್ರಿಯಾದರೂ. ಆ ದಿನಗಳಲ್ಲಿ ಬಿಳಿ ರಕ್ತಕಣ ಕಡಿಮೆ ಇರುತ್ತದೆ, ಹರಿದ ಪದರ ಬ್ಯಾಕ್ಟೀರಿಯಾಗೆ ರಕ್ತದೊಳಗೆ ನುಗ್ಗಲು ತೆರೆದ ಬಾಗಿಲು. ಜ್ವರದ ಮಾತ್ರೆ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ. ನಿಲ್ಲದ ರಕ್ತ, ಉಸಿರಾಟದ ತೊಂದರೆ, ದಿನವಿಡೀ ನೀರೂ ಇಳಿಯದಿರುವುದು, ಮೂತ್ರ ತೀರಾ ಕಡಿಮೆಯಾಗುವುದು: ಇವಕ್ಕೂ ಅಷ್ಟೇ ಅವಸರ.

ಹಂತ 10: ಚಿಕಿತ್ಸೆ ಮುಗಿದ ಮೇಲೆ

ಹೆಚ್ಚಿನವರಿಗೆ ಹುಣ್ಣು ಮುಚ್ಚಲು ಎರಡರಿಂದ ಆರು ವಾರ ಹಿಡಿಯುತ್ತದೆ. ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಮುಕ್ಕಳಿಸುವುದನ್ನು ಅಲ್ಲಿವರೆಗೆ ಬಿಡಬೇಡಿ. ರುಚಿ ತಿಂಗಳುಗಳ ಮೇಲೆ ಒಂದೊಂದಾಗಿ ಮರಳುತ್ತದೆ. ಜೊಲ್ಲು ಎಲ್ಲಕ್ಕಿಂತ ನಿಧಾನ, ಕೆಲವರಿಗೆ ಪೂರ್ತಿ ಬರುವುದೇ ಇಲ್ಲ.

ಹೊಸದಾಗಿ ಬಂದ ಪದರ ಮೊದಲಿನಷ್ಟು ದಪ್ಪ ಇರುವುದಿಲ್ಲ. ಬಿಳಿಚಿಕೊಂಡು, ಒಳಗಿನ ಸಣ್ಣ ರಕ್ತನಾಳಗಳು ಗೆರೆಗೆರೆಯಾಗಿ ಕಾಣಬಹುದು. ಖಾರ ಮುಂಚಿನಂತೆ ತಡೆಯದಿರಬಹುದು. ಆಪರೇಷನ್ ಮಾಡಿ ಮುಂಗೈ ಅಥವಾ ತೊಡೆಯ ಚರ್ಮ ತಂದು ಬಾಯಲ್ಲಿ ಹೊಲಿದಿದ್ದರೆ ಆ ಜಾಗ ಚರ್ಮವಾಗಿಯೇ ಉಳಿಯುತ್ತದೆ. ಕೂದಲು ಹುಟ್ಟಿದರೂ ಗಾಬರಿ ಬೇಡ. ಅಲ್ಲಿ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ, ಆದ್ದರಿಂದ ಕುಡಿಯುವ ಮುಂಚೆ ತುಟಿಗೆ ತಾಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಜೊಲ್ಲು ಕಡಿಮೆ ಇರುವವರೆಗೆ ಹಲ್ಲು ಬೇಗ ಹುಳುಕಾಗುತ್ತದೆ. ಫ್ಲೋರೈಡ್ ಜೆಲ್ ಬಗ್ಗೆ ಹಲ್ಲಿನ ಡಾಕ್ಟರನ್ನು ಕೇಳಿ. ಎಷ್ಟೇ ವರ್ಷ ಕಳೆದಿರಲಿ, ಹೊಸ ದಂತವೈದ್ಯರ ಕುರ್ಚಿಯಲ್ಲಿ ಕೂತ ಕೂಡಲೇ "ದವಡೆಗೆ ರೇಡಿಯೇಷನ್ ಆಗಿದೆ" ಅನ್ನುವ ಮಾತು ಮೊದಲು ಬರಲಿ. ಡಿಸ್ಚಾರ್ಜ್ ಕಾಗದದ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡಿರಿ.

ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಕರೆಯುತ್ತಾರೆ. ನಡುವೆ ಟಾರ್ಚ್ ಹಿಡಿದು ನೋಡುವ ಅಭ್ಯಾಸ ಮುಂದುವರಿಸಿ. ಎಲ್ಲ ಮಾಯ್ದ ಮೇಲೆ ಒಂದು ಜಾಗ ಮತ್ತೆ ಹುಣ್ಣಾಗಿ ಎರಡು ವಾರವಾದರೂ ಮುಚ್ಚದಿದ್ದರೆ, ಗಟ್ಟಿ ಗಂಟು ಕೈಗೆ ಸಿಕ್ಕರೆ, ವಸಡಿನ ನಡುವೆ ಮೂಳೆ ಬೆಳ್ಳಗೆ ಇಣುಕಿದರೆ, ಮುಂದಿನ ತಪಾಸಣೆಯ ದಿನಾಂಕಕ್ಕೆ ಕಾಯಬೇಡಿ. ಫೋನ್ ಮಾಡಿ, ಆ ವಾರವೇ ಹೋಗಿ, ಆ ಜಾಗವನ್ನು ಬೆರಳಿಟ್ಟು ತೋರಿಸಿ.